ಬಚ್ಚಲ ಹಿಂದಿನ ಲಂಗೋಟ

ನಮ್ಮ ಮನೆಯ ಬಚ್ಚಲಿನ ಹಿಂದಿನ ಗೋಡೆಗೆ ಒಂದು ದಪ್ಪ ಮೊಳೆ ಇದೆ. ಈಗ ಅದಕ್ಕೆ ಕೊಡೆ, ಹಗ್ಗ, ಹರಿದ ಗೋಣಿಚೀಲ, ಕೈಗೆ ಸಿಕ್ಕಿದ್ದನ್ನೆಲ್ಲ ನೇತುಹಾಕುತ್ತೇವೆ. ನಾನು ಮದುವೆಯಾಗಿ ಹಳಿಯಾಳದ ಪಕ್ಕದ ಈ ಹಳ್ಳಿಗೆ ಬಂದಾಗ ಆ ಮೊಳೆಯ ಮೇಲೆ ಬೇರೆ ಯಾವುದಕ್ಕೂ ಹಕ್ಕಿರಲಿಲ್ಲ. ಅಲ್ಲಿ ನಮ್ಮ ಮನೆಯವರ ಕೆಂಪು ಲಂಗೋಟ ಒಣಗುತ್ತಿತ್ತು.

ಹೊಸ ಸೊಸೆಯ ಹುರುಪು ನೋಡಿ, ಬಂದ ವಾರದಲ್ಲೇ ಮನೆಯ ಬಟ್ಟೆಯನ್ನೆಲ್ಲ ಒಗೆಯಲು ಗುಡ್ಡೆ ಹಾಕಿಕೊಂಡೆ. ಅದೊಂದು ಯಾಕೆ ಉಳಿಯಬೇಕು ಅಂತ ಮೊಳೆಗೆ ಕೈ ಚಾಚಿದೆ. ಅತ್ತೆ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದರು.

"ಅಯ್ಯ ನಮ್ಮವ್ವ, ಅದನ್ನ ಮುಟ್ಟಬ್ಯಾಡ! ಪೈಲ್ವಾನರ ಲಂಗೋಟಕ್ಕ ಹೆಣ್ಣಮಕ್ಕಳ ಕೈ ತಾಕಬಾರದು. ಹೆತ್ತಾಕಿ ಅದೀನಿ, ನಾನೂ ಇನ್ನೂ ಮುಟ್ಟಿಲ್ಲ."

ನಾನು ಮುಂಡಗೋಡದ ಕಡೆಯವಳು. ನಮ್ಮಪ್ಪನ ಮನೆಯಲ್ಲಿ ಭತ್ತ ಗೊತ್ತು, ಹತ್ತಿ ಗೊತ್ತು, ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮಾಡುವುದು ಗೊತ್ತು. ಕುಸ್ತಿಯ ಗಾಳಿ ನಮಗೆ ಬೀಸಿರಲಿಲ್ಲ. ಗಂಡನನ್ನು ಮುಟ್ಟಬಹುದು, ಗಂಡನ ಲಂಗೋಟ ಮುಟ್ಟಬಾರದು ಎನ್ನುವ ಶಾಸ್ತ್ರ ಕೇಳಿ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದೆ.

ಅದನ್ನು ಅವರೇ ಒಗೆಯುತ್ತಿದ್ದರು, ಅವರೇ ಹಿಂಡುತ್ತಿದ್ದರು, ಅವರೇ ಒಣಹಾಕುತ್ತಿದ್ದರು. ಮಿಲ್ಲಿನ ಅಂಗಿ, ಪ್ಯಾಂಟನ್ನು ಮೂಲೆಗೆ ಎಸೆಯುವ ಮನುಷ್ಯ, ಲಂಗೋಟವನ್ನು ಮಾತ್ರ ಪೂಜೆಯ ಮಡಿಯಂತೆ ಮಡಚಿ ಇಡುತ್ತಿದ್ದರು. ಬೆಳಿಗ್ಗೆ ಅದನ್ನು ಕಟ್ಟುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಸುತ್ತು ಹಾಕಿ, ಒಂದು ಕಾಲನ್ನು ಗೋಡೆಗೆ ಒತ್ತಿ, ಉಸಿರು ಬಿಗಿಹಿಡಿದು ತುದಿ ಎಳೆಯುತ್ತಿದ್ದರು. ನೋಡುತ್ತಿದ್ದ ನನಗೇ ಉಸಿರು ಕಟ್ಟುತ್ತಿತ್ತು.

"ಇಷ್ಟ ಬಿಗಿ ಯಾಕ್ರಿ?" ಅಂತ ಒಮ್ಮೆ ಕೇಳಿದೆ.

"ಸಡಲ ಬಿಟ್ರ ಕಸುವು ಸೋರಿ ಹೋಗ್ತೈತಿ ಅಂತ ವಸ್ತಾದರು ಹೇಳ್ಯಾರ" ಅಂದರು. ಅವರ ಮಟ್ಟಿಗೆ ಅಲ್ಲಿಗೆ ಮಾತು ಮುಗಿಯಿತು.

ವಸ್ತಾದರು ಅಂದರೆ ನಮ್ಮೂರ ಗರಡಿಮನೆಯ ಗುರುಗಳು. ಕುಸ್ತಿಯಲ್ಲಿ ಕಿವಿ ಮುದುಡಿಹೋಗಿದ್ದ, ಒಣಗಿದ ಮೈಯ ಹಿರಿಯರು. ಒಂಟಿ ಜೀವ. ಮೊದಲು ಹೆಂಡತಿ ಇದ್ದರಂತೆ. ಮಕ್ಕಳಾಗಲಿಲ್ಲವೆಂದು ವಸ್ತಾದರೇ ತವರಿಗೆ ಕಳಿಸಿದರಂತೆ, ಆಮೇಲೆ ಆಕೆಯ ಸುದ್ದಿ ತೆಗೆದವರಿಲ್ಲ. ಊರ ಹುಡುಗರಿಗೆಲ್ಲ ಮೊದಲ ಲಂಗೋಟ ಕಟ್ಟಿದ ಕೈ ಅವರದು. ತೆಂಗಿನಕಾಯಿ ಒಡೆದು, ಹಣಮಪ್ಪನ ಮುಂದೆ ನಿಲ್ಲಿಸಿ, ಎಷ್ಟು ಬಿಗಿ ಇರಬೇಕೆಂದು ತಾವೇ ಎಳೆದು ತೋರಿಸುತ್ತಿದ್ದರಂತೆ. ಗರಡಿಮನೆಯ ಹೊಸ್ತಿಲನ್ನು ಹೆಂಗಸರು ದಾಟುವಂತಿರಲಿಲ್ಲ. ನೀರಿಗೆ ಹೋಗುವಾಗ ಅದರ ಗಿಡ್ಡ ಬಾಗಿಲಿನಿಂದ ಊದುಬತ್ತಿಯ ವಾಸನೆ, ಎಣ್ಣೆ ಮಜ್ಜಿಗೆ ಕುಡಿದ ಕಣದ ಕೆಂಪು ಮಣ್ಣಿನ ವಾಸನೆ, ತೊಡೆ ತಟ್ಟುವ ಸದ್ದು ಬರುತ್ತಿದ್ದವು. ಆ ವಾಸನೆ ನನಗೆ ಬಹಳ ಸೇರುತ್ತಿತ್ತು. ಇವತ್ತಿಗೂ ಮೊದಲ ಮಳೆಗೆ ಆ ಕಡೆಯಿಂದ ಗಾಳಿ ಬಂದರೆ ಕೊಡ ಇಳಿಸಿ ನಿಲ್ಲುತ್ತೇನೆ.

ಮದುವೆಯ ಹೊತ್ತಿಗೆ ಇವರು ಕಣಕ್ಕಿಳಿಯುವುದನ್ನು ಬಿಟ್ಟಿದ್ದರು. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸ ಸಿಕ್ಕಿತ್ತು. ಆದರೂ ಬೆಳಿಗ್ಗೆ ಗರಡಿಗೆ ಹೋಗಿ ಸಾಮು ಮಾಡದೆ ಇರುತ್ತಿರಲಿಲ್ಲ. ಉಳಿದವರು ಸಾಮು ಮುಗಿದ ಮೇಲೆ ಲಂಗೋಟ ಬಿಚ್ಚುತ್ತಿದ್ದರು. ಇವರು ಅದರ ಮೇಲೆಯೇ ದಪ್ಪ ಪ್ಯಾಂಟು ಏರಿಸಿ, ಮೋಟರ್ ಸೈಕಲ್ ಹತ್ತಿ ದಾಂಡೇಲಿಗೆ ಹೋಗುತ್ತಿದ್ದರು. ಅಲ್ಲಿ ಮರದ ಚಕ್ಕೆ ಬೇಯಿಸುವ ಕಡೆ ಕೆಲಸ. ಉಗಿ, ಕಾವು, ಬೆವರು. ಸಂಜೆ ಮನೆಗೆ ಬಂದರೆ ಅವರ ಬಟ್ಟೆಯಿಂದ ಕೊಳೆತ ಎಲೆಕೋಸಿನಂಥ ವಾಸನೆ. ಮೊದಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದೆ. ಆಮೇಲೆ ಆ ವಾಸನೆ ಬಾರದಿದ್ದರೆ ಯಾಕೆ ಇನ್ನೂ ಬರಲಿಲ್ಲ ಅಂತ ದಾರಿ ನೋಡುವ ಹಾಗಾಯಿತು.

ರಾತ್ರಿ ಲಂಗೋಟ ಬಿಚ್ಚುತ್ತಿದ್ದರು ಅನ್ನಿ. ಅಷ್ಟು ತಿಳುವಳಿಕೆ ಪೈಲ್ವಾನರಿಗೂ ಇತ್ತು.

ಸಂಜೆಯ ಸ್ನಾನದ ಬಗ್ಗೆ ಹೇಳದಿದ್ದರೆ ನಮ್ಮ ಮನೆಯ ಕಥೆ ಹೇಳಿದಂತೆಯೇ ಅಲ್ಲ. ಮಗ ಮಿಲ್ಲಿನಿಂದ ಬರುವ ಮೊದಲೇ ಅತ್ತೆ ತಾಮ್ರದ ಹಂಡೆಯ ಕೆಳಗೆ ಉರಿ ಹಾಕುತ್ತಿದ್ದರು. ಇವರು ಬಂದವರೇ ಬಚ್ಚಲ ಕಲ್ಲಿನ ಮೇಲೆ ಲಂಗೋಟದಲ್ಲಿ ಕೂಡುತ್ತಿದ್ದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಂಬು ತುಂಬಿ ತುಂಬಿ ಬೆನ್ನಿಗೆ, ಸೊಂಟಕ್ಕೆ, ತೊಡೆಗೆ ಸುರಿಯುತ್ತಿದ್ದರು. ಆ ನೀರಿಗೆ ನಾನು ಬೆರಳು ಅದ್ದಿದರೂ ಚುರ್ ಅನ್ನುತ್ತಿತ್ತು.

"ಅವ್ವಾ, ಸುಡತೈತಿ!"

"ಸುಡಲಿ, ಸುಮ್ಮ ಕೂಡು. ಗಂಡಸ ಅದೀಯೊ ಇಲ್ಲೊ? ಸೊಂಟಕ್ಕ ಬಿಸಿ ನೀರ ಬಿದ್ರ ದಿನದ ದಣಿವೆಲ್ಲಾ ಇಳದ ಹೋಗ್ತೈತಿ."

ಬಚ್ಚಲ ತುಂಬ ಹೊಗೆ, ಉಗಿ, ಸೀಗೆಯ ವಾಸನೆ. ಅದರ ನಡುವೆ ಬೆಂದ ಗೆಣಸಿನ ಹಾಗೆ ಕೆಂಪಾದ ಮಗನ ಬೆನ್ನು, ಅದನ್ನು ಉಜ್ಜುವ ತಾಯಿಯ ಬಳೆಯ ಸದ್ದು. ಹೊರಗೆ ಟವೆಲ್ ಹಿಡಿದು ನಿಂತ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಗಂಡ ಅನ್ನುವ ಈ ಮನುಷ್ಯ ಅರ್ಧ ಗರಡಿಯವನು, ಅರ್ಧ ತಾಯಿಯವನು, ನನ್ನ ಪಾಲಿಗೆ ಒದ್ದೆ ಟವೆಲ್ ಮಾತ್ರ ಅನಿಸುತ್ತಿತ್ತು. ಆದರೂ ಆ ಹೊತ್ತು ಎಷ್ಟು ಚೆನ್ನಾಗಿತ್ತು! ಅತ್ತೆಗೆ ದಿನದಲ್ಲಿ ಅದೊಂದೇ ಸುಖ. ಸ್ನಾನ ಮುಗಿಸಿ ಇವರು ಕಟ್ಟೆಯ ಮೇಲೆ ಕೂತು ಬೆಲ್ಲದ ಚಹಾ ಕುಡಿಯುವಾಗ ಇಬ್ಬರ ಮುಖದಲ್ಲೂ ಒಂದೇ ಕಳೆ ಇರುತ್ತಿತ್ತು.

ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ನನ್ನ ಹೊಟ್ಟೆಯ ಮೇಲೆ ಊರವರ ಕಣ್ಣು ಬಿತ್ತು. ನಲ್ಲಿಯ ಹತ್ತಿರ ಯಾರಾದರೂ "ಏನರ ಐತೇನವಾ?" ಅಂತ ಕೇಳುವುದು, ನಾನು ಕೊಡದ ಕಡೆ ನೋಡುವುದು. ನನ್ನ ಗರ್ಭಕ್ಕೆ ತಂಪು ಹತ್ತಿದೆ ಅಂತ ಅತ್ತೆಯ ತೀರ್ಮಾನ. ಅಜವಾನ, ಬೆಳ್ಳುಳ್ಳಿ, ಹೆಸರು ಗೊತ್ತಿಲ್ಲದ ಬೇರು, ಎಲ್ಲ ಕುದಿಸಿ ಕುಡಿಸಿದರು. ಮಗನ ಬಗ್ಗೆ ಅವರಿಗೆ ಸಂಶಯ ಬರಲು ಜಾಗವೇ ಇರಲಿಲ್ಲ. ಬೀಡಿ ಇಲ್ಲ, ಗುಟ್ಕಾ ಇಲ್ಲ, ಸೆರೆ ಇಲ್ಲ. ಕುಡಿದು ಗಟಾರದಲ್ಲಿ ಬೀಳುವವನಿಗೆ ಮನೆ ತುಂಬ ಮಕ್ಕಳು. ಹಾಲು, ಬಾದಾಮಿ, ಸಾಮು ಅಂತ ಬದುಕಿದವನಿಗೆ ಒಂದೂ ಇಲ್ಲ ಅಂದರೆ ದೋಷ ಹೆಂಡತಿಯದೇ ತಾನೆ?

ಒಂದು ಸೋಮವಾರ ಅತ್ತೆ ನನ್ನನ್ನು ಉಳವಿಗೆ ಕರೆದುಕೊಂಡು ಹೋದರು. ಹರಕೆ ಹೊತ್ತು, ಕಾಯಿ ಒಡೆಸಿ ತಿರುಗಿ ಹೊರಟರೆ ಕುಂಬಾರವಾಡದಲ್ಲಿ ಬಸ್ಸು ಕೆಟ್ಟು ನಿಂತಿತು. ಆ ದಾರಿಯ ಬಸ್ಸು ಗೊತ್ತಲ್ಲ, ಒಂದು ತಪ್ಪಿದರೆ ಇನ್ನೊಂದು ಬಂದಾಗಲೇ ಬಂತು ಅನ್ನಬೇಕು. ಚಹಾದಂಗಡಿಯ ಪಕ್ಕ ಮರದ ಬುಡದಲ್ಲಿ ಕೂತೆವು. ಅಂಗಡಿಯವ ಯಾರೊಂದಿಗೋ ಕೊಂಕಣಿಯಲ್ಲಿ ಜಗಳವಾಡುತ್ತಿದ್ದ. ಅತ್ತೆ ಚುರುಮುರಿಯ ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದರು. ನಾನು ಒಂದು ಮುಷ್ಟಿ ತೆಗೆದುಕೊಂಡ ಮೇಲೆ ಮೆಲ್ಲಗೆ ಕೇಳಿದರು.

"ನಿನ್ನ ಸಣ್ಣ ತಂಗೀಗೆ ಇನ್ನೂ ಗಂಡು ಗೊತ್ತಾಗಿಲ್ಲಲ್ಲ?"

"ಇಲ್ಲತ್ತಿ. ಯಾಕ್ರಿ?"

"ಬ್ಯಾರೆ ಕಡೀಂದ ಹೆಣ್ಣ ತಂದ್ರ ಆಕಿ ನಿನ್ನ ಮೂಲಿಗೆ ಹಾಕ್ತಾಳ. ತಂಗಿ ಆದ್ರ ಅಕ್ಕನ್ನ ಬಿಟ್ಟಕೊಡೂದಿಲ್ಲ. ನಿನ್ನ ಚೊಲೋದಕ್ಕ ಹೇಳಾಕತ್ತೇನವಾ. ಮುಂದಿನ ಸುಗ್ಗಿತನಕ ನೋಡೂಣು. ಆಮ್ಯಾಲ ನಿಮ್ಮಪ್ಪನ ಕೂಡ ಮಾತಾಡ್ತೇನಿ."

ಮುಷ್ಟಿಯಲ್ಲಿ ಉಳಿದ ಚುರುಮುರಿಯನ್ನು ತಿರುಗಿ ಪೊಟ್ಟಣಕ್ಕೆ ಹಾಕಿದೆ. ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ, ಅದೇ ನನ್ನನ್ನು ಹೆಚ್ಚು ಉರಿಸಿತು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ತಲೆ ಸವರಿ ಕುತ್ತಿಗೆಗೆ ಹಗ್ಗ ಹಾಕಿದರೆ ಏನು ಮಾಡಬೇಕು? ನನ್ನ ತಂಗಿ, ನಾನು ಎತ್ತಿ ಆಡಿಸಿದ ಹುಡುಗಿ, ನನ್ನ ಗಂಡನ ಹಾಸಿಗೆಗೆ ಬರಬೇಕು. ನಾನು ಬಾಗಿಲು ಮುಚ್ಚಿ ಹೊರಗೆ ಮಲಗಬೇಕು. ಮನೆಗೆ ಬಂದು ಇವರಿಗೆ ಹೇಳಿದರೆ, "ಅವ್ವ ಹಂಗ ಅಂತಾಳ, ಬಿಡು" ಅಂದು ಲಂಗೋಟ ಹಿಂಡಲು ಹೋದರು. ಆ ಹೊತ್ತು ಆ ಹಂಡೆಯ ನೀರನ್ನೆಲ್ಲ ಅವರ ತಲೆಯ ಮೇಲೆ ಸುರಿಯುವಷ್ಟು ಸಿಟ್ಟು ಬಂದಿತ್ತು.

ಊರಂಚಿನ ಸಿದ್ದಿಯರ ಮನೆಗಳಲ್ಲಿ ನನಗೊಬ್ಬ ಗೆಳತಿ ಇದ್ದಳು. ನಾಟಿಯ ಗದ್ದೆಯಲ್ಲಿ ಜೊತೆಯಾದವಳು. ಅವಳ ಗಂಡನೂ ಇದೇ ಗರಡಿಯ ಪೈಲ್ವಾನ. ಅವಳ ಮುಂದೆ ಅತ್ತುಬಿಟ್ಟೆ.

"ಆಕಳ ಗಬ್ಬ ಆಗಲಿಲ್ಲ ಅಂದ್ರ ನಾವು ಹೋರೀನೂ ನೋಡ್ತೇವಿ. ನಿಮ್ಮ ಮನ್ಯಾಗ ಬರೇ ಆಕಳಿಗೇ ಔಷಧಾನ?" ಅಂದಳು. ಅಳುತ್ತಿದ್ದವಳಿಗೆ ನಗು ಬಂತು. ಮಾರನೆಯ ವಾರ ತವರಿಗೆ ಹೋಗುತ್ತೇನೆಂದು ಹೇಳಿ ಅವಳ ಜೊತೆ ಧಾರವಾಡದ ಬಸ್ಸು ಹತ್ತಿದೆ.

ಡಾಕ್ಟರಮ್ಮ ಎಲ್ಲ ನೋಡಿದರು. "ನಿಮ್ಮದೇನೂ ತೊಂದರಿ ಕಾಣೂದಿಲ್ರಿ. ಯಜಮಾನ್ರನ್ನ ಕರಕೊಂಡ ಬರ್ರಿ, ಅವರ ವೀರ್ಯಾನೂ ಒಂದ ಬಾಟ್ಲಿಯಾಗ ಹಿಡದ ನೋಡಬೇಕು" ಅಂದರು.

ಯಜಮಾನರನ್ನು ಕರೆದುಕೊಂಡು ಹೋಗುವುದು ಸಣ್ಣ ಕೆಲಸವೇ? "ನನಗೇನ ಆಗೈತಿ? ನಾನೇನ ಬ್ಯಾನಿ ಬಿದ್ದೇನೇನು?" ಅಂತ ತೋಳು ಮುಂದೆ ಮಾಡಿ ತೋರಿಸಿದರು. ತೋಳು ನೋಡಲು ಡಾಕ್ಟರು ಕರೆದಿರಲಿಲ್ಲ. ಬೇಡಿಕೊಂಡೆ, ಮಾತು ಬಿಟ್ಟೆ, ಮಾತು ಬಿಟ್ಟಿದ್ದೂ ಅವರಿಗೆ ಗೊತ್ತಾಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ, ಅವರು ಗರಡಿಗೆ ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದೆ.

"ಯಾರ ಕರದ್ರೂ ಕಣಕ್ಕ ಇಳೀದ ಇದ್ದವ್ರಲ್ಲ ನೀವು. ಒಂದು ಸಣ್ಣ ಬಾಟ್ಲಿಗೆ ಅಂಜಿದ್ರಿ."

ಮುಖ ಕೆಂಪಾಯಿತು. ನನ್ನನ್ನು ದಾಟಿ ಗರಡಿಗೆ ಹೋದರು. ರವಿವಾರ ಸಂಜೆ ಅಂಗಿಗೆ ಇಸ್ತ್ರಿ ಮಾಡಿಟ್ಟು, "ನಾಳಿ ರಜಾ ಹಾಕೇನಿ, ಹೋಗೂಣು" ಅಂದರು.

ಡಾಕ್ಟರಮ್ಮ ಕೇಳುತ್ತ ಹೋದರು, ಇವರು ಎದೆ ಎತ್ತಿ ಉತ್ತರ ಕೊಡುತ್ತ ಹೋದರು. ಬೀಡಿ? ಇಲ್ರಿ. ತಂಬಾಕು? ಮುಟ್ಟಿಲ್ರಿ. ಸೆರೆ? ನೆರಳೂ ಬಿದ್ದಿಲ್ರಿ. ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ನನ್ನ ಕಡೆ ನೋಡಿದರು. ಬಾಟ್ಲಿ ಕೊಟ್ಟು ಬಂದು ಮತ್ತೆ ಹೋದ ದಿನ ಪರೀಕ್ಷೆಯ ಫಲ ಬಂದಿತ್ತು. ವೀರ್ಯದಲ್ಲಿ ಇರಬೇಕಾದಷ್ಟು ಜೀವಕಣಗಳಿಲ್ಲ, ಇದ್ದವುಗಳ ಓಡಾಟವೂ ಸಾಲದು ಅಂದರು ಡಾಕ್ಟರಮ್ಮ. ಇವರು ಕೂತ ಕುರ್ಚಿಯಲ್ಲೇ ಸಣ್ಣವರಾಗಿಬಿಟ್ಟರು. ಎಂಥೆಂಥವರನ್ನೋ ಎತ್ತಿ ಒಗೆದ ಮನುಷ್ಯ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ಅಲ್ಲಿಯವರೆಗಿನ ನನ್ನ ಸಿಟ್ಟೆಲ್ಲ ಆ ಕೈ ನೋಡಿ ಇಳಿದುಹೋಯಿತು.

"ಒಳಗ ಎಂಥಾ ಬಟ್ಟಿ ಹಾಕೋತೀರಿ? ಬಿಗಿ ಏನು?" ಡಾಕ್ಟರಮ್ಮ ಕೇಳಿದರು.

ನಾನೇ ಹೇಳಿದೆ. ಲಂಗೋಟ, ಬೆಳಿಗ್ಗೆಯಿಂದ ಸಂಜೆಯವರೆಗೆ. ಮೇಲೆ ದಪ್ಪ ಪ್ಯಾಂಟು. ಮಿಲ್ಲಿನ ಕಾವು. ಅತ್ತೆಯ ಹಂಡೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ದೇವರು ಅವನ್ನ ಮೈ ಹೊರಗ ಯಾಕ ಇಟ್ಟಾನ ಹೇಳ್ರಿ? ಒಳಗಿನ ಕಾವು ಅವಕ್ಕ ಆಗಿಬರೂದಿಲ್ಲ, ತುಸು ತಂಪ ಇರಬೇಕು. ನೀವು ಬಿಗಿದು ಕಟ್ಟಿ ಮೈಗೆ ಅಂಟಿಸಿ, ಮ್ಯಾಲ ಬೇಯಿಸೂ ಕಡೆ ನಿಂತು, ಸಂಜಿಗೆ ಮತ್ತ ಸುಡು ನೀರ ಹಾಕ್ಕೊಂಡ್ರ ಹೆಂಗ್ರಿ? ಇದರಿಂದನ ಹಿಂಗ ಆಗೇತಿ ಅಂತ ನಾ ಆಣಿ ಮಾಡಿ ಹೇಳೂದಿಲ್ಲ. ಬ್ಯಾರೆ ಕಾರಣಾನೂ ಇರಬಹುದು. ಆದ್ರ ಇದನ್ನ ಬಿಡೂದು ನಿಮ್ಮ ಕೈಯಾಗೈತಿ. ಸಡಲ ಹತ್ತಿ ಬಟ್ಟಿ ಹಾಕೋರಿ, ಉಗುರುಬೆಚ್ಚಗಿನ ನೀರಾಗ ಜಳಕ ಮಾಡ್ರಿ. ಹೊಸಾವು ತಯಾರಾಗಾಕ ಮೂರು ತಿಂಗಳ ಹತ್ತಿರ ಬೇಕು. ಆಮ್ಯಾಲ ಮತ್ತ ನೋಡೂಣು."

ತಿರುಗಿ ಬರುವಾಗ ಬಸ್ಸಿನಲ್ಲಿ ಇವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಊರು ಹತ್ತಿರ ಬಂದಾಗ ಒಂದೇ ಮಾತು ಹೇಳಿದರು.

"ಮನ್ಯಾಗ ಯಾರಿಗೂ ಹೇಳಬ್ಯಾಡ."

ನಾನು ಆಗಲಿ ಅಂದೆ. ಆ ಕೈ ನೋಡಿದ ಮೇಲೆ ಬೇರೆ ಏನು ಅನ್ನಲು ಬರುತ್ತಿತ್ತು?

ಹಳಿಯಾಳದಿಂದ ಮೆತ್ತನೆಯ ಪಟ್ಟಿಪಟ್ಟಿ ಬಟ್ಟೆ ತಂದು, ತವರಿನಿಂದ ಬಂದ ಹೊಲಿಗೆ ಮಷೀನಿನಲ್ಲಿ ಸಡಿಲವಾದ ಚಡ್ಡಿಗಳನ್ನು ಹೊಲಿದುಕೊಟ್ಟೆ. ಮೊದಲ ದಿನ ಅದನ್ನು ಹಾಕಿಕೊಂಡು ಎದ್ದು ನಿಂತ ಇವರ ಅವಸ್ಥೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಾಲು ಅಗಲಿಸಿ ನಡೆದರು, ಕೂಡಿಸಿ ನಡೆದರು, ಏನೋ ಬೀಳಿಸಿಕೊಂಡವರಂತೆ ಹಿಂದೆ ತಿರುಗಿ ನೋಡಿದರು. "ಏನೂ ಹಾಕ್ಕೊಂಡಂಗ ಅನ್ನಸವಲ್ತು" ಅಂದರು. ನಾನು ಹಾಸಿಗೆಯಲ್ಲಿ ಬಿದ್ದು ನಕ್ಕೆ. ಅವರೂ ನಕ್ಕರು. ಮಿಲ್ಲಿನಲ್ಲಿ ಕೇಳಿಕೊಂಡು, ಕಾವಿಲ್ಲದ ಕಡೆಗೆ ಕೆಲಸ ಬದಲಿಸಿಕೊಂಡರು. ಆ ದಿನಗಳಲ್ಲಿ ನಾವಿಬ್ಬರೂ ಏನೋ ಕದ್ದು ಮುಚ್ಚಿಟ್ಟ ಮಕ್ಕಳ ಹಾಗಿದ್ದೆವು. ನನ್ನ ಮದುವೆಯ ನಿಜವಾದ ಸುಖದ ದಿನಗಳು ಯಾವುವು ಅಂತ ಕೇಳಿದರೆ ಅವನ್ನೇ ಹೇಳುತ್ತೇನೆ.

ಆದರೆ ಮುಚ್ಚಿಡುವುದೆಂದರೆ ಒಂದಕ್ಕೆ ನಿಲ್ಲುವುದಿಲ್ಲವಲ್ಲ. ಮೊಳೆ ಖಾಲಿಯಾದರೆ ಅತ್ತೆ ಕೇಳುತ್ತಾರೆ. ಹಾಗಾಗಿ ಹಾಕಿಕೊಳ್ಳದ ಲಂಗೋಟವನ್ನು ಇವರು ದಿನವೂ ನೀರಿಗೆ ಅದ್ದಿ, ಹಿಂಡಿ, ಮೊಳೆಗೆ ನೇತುಹಾಕತೊಡಗಿದರು. ಒಣಗಿದ್ದನ್ನು ಮತ್ತೆ ಒದ್ದೆ ಮಾಡುವುದು, ಮತ್ತೆ ಒಣಹಾಕುವುದು. ಗರಡಿಗೆ ಹೋಗದ್ದಕ್ಕೆ ಸೊಂಟನೋವು ಅಂತ ವಸ್ತಾದರಿಗೆ ಹೇಳಿದರು. ಸಂಜೆ ಬಚ್ಚಲ ಬಾಗಿಲು ಹಾಕಿಕೊಂಡು, "ನಾನ ಮಾಡ್ಕೋತೇನವ್ವ" ಅಂದರು. ಅತ್ತೆ ಚಂಬು ಹಿಡಿದು ಮುಚ್ಚಿದ ಬಾಗಿಲ ಮುಂದೆ ನಿಂತೇ ಇದ್ದರು. ಆಮೇಲೆ ಹಂಡೆಯ ಉರಿ ಹಿರಿದು, ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಂಡರು.

"ಹೆಂಡ್ತಿ ಹೇಳಿಕೊಟ್ಟಾಳ. ಮಗನ ಬೆನ್ನಿಗೆ ನೀರ ಹಾಕೂದನ್ನೂ ಕಸಗೊಂಡ್ಳು."

ಮಕ್ಕಳಾಗದ್ದು ನನ್ನ ದೋಷ. ಪೈಲ್ವಾನನಿಗೆ ಸೊಂಟ ಹಿಡಿದದ್ದೂ ನನ್ನ ದೋಷ. ತಾಯಿ ಮಗನನ್ನು ಅಗಲಿಸಿದ್ದೂ ನಾನೇ. ಇವರಿಗೆ ಎಲ್ಲ ಕೇಳಿಸುತ್ತಿತ್ತು, ಇವರು ಲಂಗೋಟ ಹಿಂಡುತ್ತಿದ್ದರು. ಅವರ ಮಾನ ಕಾಯಲು ನಾನು ಇಡೀ ಊರಿನ ಮಾತು ಹೊರಬೇಕೇ ಅಂತ ಒಳಗೊಳಗೆ ಕುದಿಯುತ್ತಿದ್ದೆ. ಹೇಳುವುದಿಲ್ಲ ಅಂದಿದ್ದೆನಲ್ಲ, ಬಾಯಿ ಕಟ್ಟಿತ್ತು. ಸುಗ್ಗಿ ಹತ್ತಿರ ಬರುತ್ತಿತ್ತು.

ಅಷ್ಟರಲ್ಲಿ ನಾದಿನಿ ಬಸುರಿಯಾಗಿ ತವರಿಗೆ ಬಂದಳು. ಅವಳಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕುಬಸ ಮಾಡುವ ದಿನ ಗೊತ್ತಾಯಿತು. ಹೋಳಿಗೆಯ ಕಣಕ ನಾದಿದ್ದು ನಾನು, ಹಸಿರು ಬಳೆ ತಂದದ್ದು ನಾನು, ಅವಳ ತಲೆಗೆ ಹೂ ಮುಡಿಸಿದ್ದು ನಾನು. ಗಂಡಸರು ಹೊರಗೆ ಕಟ್ಟೆಯ ಮೇಲೆ, ಅವರ ನಡುವೆ ವಸ್ತಾದರು. ಹೆಂಗಸರು ಪಡಸಾಲೆಯಲ್ಲಿ. ಉಡಿ ತುಂಬಲು ಎದ್ದು ನಾನು ಅಕ್ಕಿಯ ತಾಟಿಗೆ ಕೈ ಹಾಕಿದೆ. ಅತ್ತೆಯ ನಾದಿನಿ, ಮನೆಗೆ ಹಿರಿಯರು, ನನ್ನ ಮುಂಗೈ ಹಿಡಿದರು.

"ನೀ ಒಳಗ ಹೋಳಗಿ ನೋಡ ಹೋಗವಾ. ಹಡೀಲಾರದ ಕೈಲೆ ಬಸುರಿ ಉಡಿ ತುಂಬಸಬಾರದು."

ನಾನು ಅತ್ತೆಯ ಮುಖ ನೋಡಿದೆ. ಅವರು ನೆಲ ನೋಡಿದರು.

ಅಡುಗೆಮನೆಗೆ ಹೋಗಲಿಲ್ಲ. ನೆಟ್ಟಗೆ ಹಿತ್ತಲಿಗೆ ಹೋಗಿ ಬಚ್ಚಲ ಹಿಂದೆ ನಿಂತೆ. ಅಲ್ಲೇ ಕೈ ತೊಳೆಯಲು ಇವರು ಬಂದರು. ನನ್ನ ಮುಖ ನೋಡಿ ಏನಾಯಿತು ಅಂದರು. ಹೇಳಿದೆ. ಹೇಳಿ ಮೊಳೆಯ ಕಡೆ ಬೆರಳು ಮಾಡಿದೆ.

"ಅಲ್ಲಿ ನೋಡ್ರಿ, ನಿಮ್ಮ ಲಂಗೋಟ ಒಣಗೇತಿ. ಮತ್ತ ನೀರಾಗ ಅದ್ದರಿ. ನಾ ಸಾಯೂತನಕ ಒಣಗಸ್ಕೋಂತ ಇರ್ರಿ."

ಇವರು ಚಂಬು ಕೆಳಗಿಟ್ಟರು. ಆಮೇಲೆ ಮೊಳೆಯಿಂದ ಲಂಗೋಟ ತೆಗೆದುಕೊಂಡು, ಒದ್ದೆ ಕೈಯಲ್ಲೇ ಪಡಸಾಲೆಗೆ ನಡೆದರು. ನಾನು ಹಿಂದೆ ಓಡಿದೆ. ಹೆಂಗಸರ ನಡುವೆ ಲಂಗೋಟ ಹಿಡಿದು ನಿಂತ ಪೈಲ್ವಾನನನ್ನು ನೋಡಿ ಎಲ್ಲರೂ ಸೆರಗು ಸರಿಮಾಡಿಕೊಂಡರು. ಇವರು ಹೊರಬಾಗಿಲ ಕಡೆ ತಿರುಗಿ ಕೂಗಿದರು.

"ವಸ್ತಾದ್ರ, ಇಲ್ಲಿ ಬರ್ರಿ. ನೀವೂ ಕೇಳ್ರಿ."

ವಸ್ತಾದರು ಹೊಸ್ತಿಲಿಗೆ ಬಂದು ನಿಂತರು.

"ಈಕೀಗೆ ಏನೂ ಆಗಿಲ್ಲ. ಧಾರವಾಡದಾಗ ಇಬ್ಬರದೂ ನೋಡ್ಯಾರ. ಕೊರತಿ ನನ್ನಾಗ ಐತಿ. ನಂದು ಸೊಂಟನೋವಲ್ಲ, ಸುಳ್ಳ ಹೇಳಿದ್ದೆ. ಡಾಕ್ಟರ್ ಬಿಡು ಅಂದದ್ದಕ್ಕ ಲಂಗೋಟ ಬಿಟ್ಟೇನಿ. ಈಕೀನ್ನ ಇನ್ನೊಮ್ಮಿ ಯಾರರ ಬಂಜಿ ಅಂದ್ರ ನನಗ ಅಂದಂಗ."

ಅಷ್ಟು ಹೇಳಿ ಲಂಗೋಟವನ್ನು ನನ್ನ ಎರಡೂ ಕೈಯಲ್ಲಿ ಇಟ್ಟರು.

ಅದು ಅಷ್ಟು ಹಗುರ ಇರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ತೊಳೆದು ತೊಳೆದು ಬಣ್ಣ ಹೋದ, ಅಂಚು ಸವೆದ ಒಂದು ತುಂಡು ಹತ್ತಿ ಬಟ್ಟೆ.

ಎಲ್ಲರೂ ವಸ್ತಾದರ ಕಡೆ ನೋಡುತ್ತಿದ್ದರು. ಅವರು ಸಿಟ್ಟಾಗುತ್ತಾರೆಂದು ನಾನೂ ಕಾದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಮೆಲ್ಲಗೆ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಇಬ್ಬರದೂ ನೋಡ್ತಾರೇನೊ?" ಅಂತ ಕೇಳಿದರು.

"ಹೌದ್ರಿ."

"ನನ್ನ ನೋಡಿದ್ದಿಲ್ಲ. ಆಕೀನ್ನೂ ನೋಡಿದ್ದಿಲ್ಲ. ಹಂಗ ಕಳಿಸಿಬಿಟ್ನಿ." ಮುದುಡಿದ ಕಿವಿಯನ್ನು ಕೈಯಿಂದ ತಿಕ್ಕಿಕೊಂಡರು. "ಹೋಗೂವಾಗ ಆಕಿ ಹೊಳ್ಳಿ ಹೊಳ್ಳಿ ನೋಡಿದ್ಲು."

ಅವರು ಎದ್ದು, ಊಟಕ್ಕೆ ನಿಲ್ಲದೆ ಗರಡಿಯ ಕಡೆ ಹೋದರು. ಆಮೇಲೆ ಮದುವೆಯಾದ ಹುಡುಗರಿಗೆ, ಸಾಮು ಮುಗಿದ ತಕ್ಷಣ ಲಂಗೋಟ ಬಿಚ್ಚಿ ಗರಡಿಯ ಹಗ್ಗಕ್ಕೆ ಹಾಕಿ ಹೋಗಬೇಕೆಂದು ಕಟ್ಟಪ್ಪಣೆ ಮಾಡಿದರು ಅಂತ ಗೆಳತಿಯ ಗಂಡ ಹೇಳಿದ.

ಅತ್ತೆ ಎದ್ದರು. ಅಕ್ಕಿಯ ತಾಟನ್ನು ತಂದು ನನ್ನ ಕೈಯಲ್ಲಿದ್ದ ಲಂಗೋಟದ ಮೇಲೆಯೇ ಇಟ್ಟರು. "ತುಂಬು ಬಾ. ಮೊದಲ ನೀನ ತುಂಬು" ಅಂದರು. ಅತ್ತೆಯ ನಾದಿನಿ ಏನೋ ಗೊಣಗಿದರು. ಅತ್ತೆ ಅವರ ಕಡೆ ತಿರುಗಿಯೂ ನೋಡಲಿಲ್ಲ.

ಅವತ್ತು ಸಂಜೆ ಅತ್ತೆ ಮತ್ತೆ ಹಂಡೆಗೆ ಉರಿ ಹಾಕಿದರು. ಬಚ್ಚಲ ಬಾಗಿಲು ತೆರೆದಿತ್ತು. ಇವರು ಪಟ್ಟಿ ಚಡ್ಡಿಯಲ್ಲಿ ಕಲ್ಲಿನ ಮೇಲೆ ಕೂತರು. ಅತ್ತೆ ಬಕೆಟ್ಟಿಗೆ ಬಿಸಿನೀರು ಹಾಕಿ, ತಣ್ಣೀರು ಬೆರೆಸಿ, ಮುಂಗೈ ಅದ್ದಿ ನೋಡಿ, 'ಸಾಕೇನು' ಅನ್ನುವಂತೆ ನನ್ನ ಕಡೆ ನೋಡಿದರು. ನಾನೂ ಬೆರಳು ಅದ್ದಿ ತಲೆಯಾಡಿಸಿದೆ. ನೀರು ಹಾಕುತ್ತ ಹಾಕುತ್ತ ಅವರು ಅತ್ತರು.

"ನನ್ನ ಕೈಯಾರೆ ಸುಟ್ನೇನ ನಿನ್ನ?"

"ಇಲ್ಲವ್ವ. ಯಾವುದರಿಂದ ಅಂತ ಡಾಕ್ಟರೂ ಹೇಳಿಲ್ಲ" ಅಂದರು ಇವರು. ನಾನು ಅತ್ತೆಯ ಕೈಯಿಂದ ಚಂಬು ತೆಗೆದುಕೊಳ್ಳಲು ಹೋದೆ, ಅವರು ಬಿಡಲಿಲ್ಲ. ತಂಗಿಯ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ಅವಳು ಕಲಘಟಗಿಯ ಕಡೆ ಮದುವೆಯಾಗಿ ಹೋದಳು.

ಎರಡನೆಯ ಪರೀಕ್ಷೆಯಲ್ಲಿ ಮೊದಲಿಗಿಂತ ಚೆನ್ನಾಗಿದೆ ಅಂದರು ಡಾಕ್ಟರಮ್ಮ. ಅದರ ಮುಂದಿನದರಲ್ಲೂ ಚೆನ್ನಾಗಿತ್ತು. ಇನ್ನೇನು ಆಗುತ್ತದೆ ಅಂತ ತಿಂಗಳು ತಿಂಗಳೂ ಕಾದೆವು. ಔಷಧ ಮಾಡಿದೆವು, ಬಿಟ್ಟೆವು, ಮತ್ತೆ ಮಾಡಿದೆವು. ಆಗಲಿಲ್ಲ. ಗರಡಿಯ ಹುಡುಗರ ಮನೆಗಳಲ್ಲಿ ತೊಟ್ಟಿಲು ತೂಗಿದವು, ನನ್ನನ್ನು ಕರೆದು ಮೊದಲು ನನ್ನ ಕೈಯಿಂದ ಉಡಿ ತುಂಬಿಸಿದರು. ನಮ್ಮ ಮನೆಯಲ್ಲಿ ತೊಟ್ಟಿಲು ಏರಲಿಲ್ಲ. ಯಾಕೆ ಅಂತ ಯಾವ ಡಾಕ್ಟರೂ ಹೇಳಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ಆ ಚಂಬು ನನ್ನ ಕೈಗೆ ಬಂತು. ಮನೆಗೆ ಗೀಸರ್ ಬಂದರೂ ರವಿವಾರ ಮಾತ್ರ ಹಂಡೆಗೆ ಉರಿ ಹಾಕುತ್ತೇನೆ. ಇವರು ಕಲ್ಲಿನ ಮೇಲೆ ಕೂಡುತ್ತಾರೆ. ಈಗ ಹೊಟ್ಟೆ ಬಂದಿದೆ, ಕೂಡಲು ಗೋಡೆ ಹಿಡಿಯಬೇಕು. ನಾನು ನೀರು ಬೆರೆಸಿ, ಮುಂಗೈ ಅದ್ದಿ ನೋಡಿ ಹಾಕುತ್ತೇನೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಉಗುರುಬೆಚ್ಚಗಿನದಕ್ಕಿಂತ ಹೆಚ್ಚು ಬಿಸಿ ಹಾಕಿಲ್ಲ. ಇವರೂ ಕೇಳಿಲ್ಲ. ಲಂಗೋಟ ನನ್ನ ಟ್ರಂಕಿನಲ್ಲಿ ಧಾರೆಸೀರೆಯ ಕೆಳಗಿದೆ.

ಈ ವರ್ಷ ನನ್ನ ಮುಟ್ಟು ನಿಂತಿತು. ಡಾಕ್ಟರಿಗೆ ತೋರಿಸಿದೆ, ಇನ್ನು ಬರುವುದಿಲ್ಲ ಅಂದರು. ಇವರಿಗೆ ಹೇಳಿದೆ. ಹೂಂ ಅಂದರು, ಹಿತ್ತಲಿಗೆ ಹೋಗಿ ಸುಮ್ಮನೆ ಕಟ್ಟಿಗೆ ಒಡೆದರು.

ಮೊನ್ನೆ ರವಿವಾರ ಹಂಡೆಯಿಂದ ನೀರು ತೋಡಿದೆ. ತಣ್ಣೀರಿನ ಬಕೆಟ್ಟು ಪಕ್ಕದಲ್ಲೇ ಇತ್ತು. ಬೆರೆಸಲಿಲ್ಲ. ಹಾಗೇ ಚಂಬು ಎತ್ತಿ ಅವರ ಸೊಂಟದ ಮೇಲೆ ಸುರಿದೆ. ಇವರು ಬೆಚ್ಚಿ ಬೆನ್ನು ನೆಟ್ಟಗೆ ಮಾಡಿದರು, ಉಸಿರು ಬಿಗಿಹಿಡಿದರು. ತಿರುಗಿ ನೋಡಲಿಲ್ಲ. ಬೆನ್ನು ಕೆಂಪಗಾಗುತ್ತ ಬಂತು.

"ಅವ್ವ ಹಾಕಿದಂಗ ಐತಿ" ಅಂದರು. "ಇನ್ನೊಂದು ಚಂಬು ಹಾಕು."

ಹಾಕಿದೆ.